ಎರಡು ಸಲ ಎಣಿಸಬೇಕಾದದ್ದು

ಮನೆಯಿಂದ,
ಮಂಗಳವಾರ, ತಾರೀಕು ಹದಿನಾಲ್ಕು

ಚೌಕಟ್ಟಿನ ಯಜಮಾನರಿಗೆ,

ನಮಸ್ಕಾರ. ಇಲ್ಲಿ ನಾನು ಚೆನ್ನಾಗಿದ್ದೇನೆ, ಅಲ್ಲಿ ನೀನೂ ಚೆನ್ನಾಗಿದ್ದೀಯ ಅಂದುಕೊಳ್ಳುತ್ತೇನೆ. ಎರಡೂ ಸುಳ್ಳು, ಆದರೂ ಕಾಗದ ಎಲ್ಲಿಂದಾದರೂ ಶುರುವಾಗಬೇಕಲ್ಲ. ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದ ದಿನದಿಂದ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಕೊಂಡು ನಿಂತಿದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ನಾನು ಅದರ ಮುಖ ನೋಡುತ್ತೇನೆ, ಅದು ನನ್ನ ಮುಖ ನೋಡುತ್ತದೆ, ಆಮೇಲೆ ಆಫೀಸಿಗೆ ಹೊತ್ತಾಯಿತು ಅಂತ ಎದ್ದುಬಿಡುತ್ತೇನೆ. ಅಂದಹಾಗೆ ಇದನ್ನು ನಿನ್ನ ಅಕ್ಕನ ಎದುರಿಗೆ ಗಟ್ಟಿಯಾಗಿ ಓದಬೇಡ. ಗಂಡನಿಗೆ ಏಕವಚನದಲ್ಲಿ ಬರೆಯುತ್ತಾಳೆ ಅಂತ ಇನ್ನೊಂದು ವಾರ ಮುಖ ಊದಿಸಿಕೊಂಡು ಕೂರುತ್ತಾರೆ.

ನೀನು ಕೇಳಿದ್ದು ಎರಡೇ ಮಾತು. ಅಕ್ಕನ ಊರಿನಲ್ಲಿ ಒಂದು ಅಂಗಡಿ ಖಾಲಿಯಾಗಿದೆ, ಪಟಗಳಿಗೆ ಚೌಕಟ್ಟು ಹಾಕುವವರು ಅಲ್ಲಿ ಯಾರೂ ಇಲ್ಲ, ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು. ಇಲ್ಲಿನ ಅಂಗಡಿಯ ಕೀಲಿ ಮಾಲೀಕರಿಗೆ ಕೊಟ್ಟು ಅಲ್ಲೇ ಉಳಿಯಲಾ, ಇಲ್ಲ ವಾಪಸ್ ಬರಲಾ? ಅದು ಒಂದು. ಇನ್ನೊಂದನ್ನು ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಬರೆದಿದ್ದೀಯ: "ನಿನ್ನೊಳಗೆ ಏನಾದ್ರೂ ಇದೆಯಾ? ಇದ್ರೆ ಎಷ್ಟಿದೆ? ಅಷ್ಟು ಹೇಳು, ಆಮೇಲೆ ನಾನು ತೀರ್ಮಾನ ಮಾಡ್ತೀನಿ."

ಬೇರೆ ಪೆನ್ನು ಅಂದರೆ ಮಧ್ಯದಲ್ಲಿ ಎದ್ದು ಹೋಗಿದ್ದೀಯ, ಎಲ್ಲೋ ಸುತ್ತಾಡಿ ಬಂದು, ಕೈಗೆ ಸಿಕ್ಕಿದ್ದರಲ್ಲಿ ಬರೆದಿದ್ದೀಯ. ನಿನ್ನ ಬಗ್ಗೆ ಇಷ್ಟು ನನಗೆ ಗೊತ್ತಾಗುತ್ತದೆ. ಆದರೆ ಎಷ್ಟಿದೆ ಅಂತ ಕೇಳಿದರೆ ಏನು ಹೇಳಲಿ? ಅಳೆಯುವುದೇ ನನ್ನ ಕೆಲಸ, ಅದಕ್ಕೇ ಸಂಬಳ ಕೊಡುತ್ತಾರೆ. ಆದರೂ ಈ ಒಂದು ಪ್ರಶ್ನೆಗೆ ಪೆನ್ನು ಹಿಡಿದು ಕೂತರೆ ಏನೂ ಹೊಳೆಯುತ್ತಿಲ್ಲ. ಅದಕ್ಕೆ ಮೊದಲು ಮನೆಯ ಸುದ್ದಿ, ಆಫೀಸಿನ ಸುದ್ದಿ ಬರೆಯುತ್ತೇನೆ. ಬರೆಯುತ್ತಾ ಹೋದರೆ ಇದೂ ಬರಬಹುದು.

ಬಚ್ಚಲ ನಲ್ಲಿ ಸೋರುವುದು ನಿಂತಿಲ್ಲ. ಕೆಳಗೆ ಬಕೆಟ್ ಇಟ್ಟಿದ್ದೇನೆ, ತುಂಬಿದರೆ ಗಿಡಕ್ಕೆ ಹಾಕುತ್ತೇನೆ. ಮೆಟ್ಟಿಲ ಹಿಡಿಕೆ ನೀನು ಹೋಗುವಾಗ ಹೇಗೆ ಅಲ್ಲಾಡುತ್ತಿತ್ತೋ ಹಾಗೇ ಅಲ್ಲಾಡುತ್ತಿದೆ. ನಮ್ಮ ಚೋಟುವಿನ ಬ್ರಷ್ಷು ನಮ್ಮಿಬ್ಬರ ಬ್ರಷ್ಷುಗಳ ಲೋಟದಲ್ಲೇ ಇದೆ. ಅವಳ ಶೂ ಬಾಗಿಲ ಹಿಂದೆ ಇವೆ. ಅವಳ ಕುರ್ಚಿಯ ಮೇಲೆ ಈಗ ಒಣಗಿದ ಬಟ್ಟೆ ಹಾಕುತ್ತೇನೆ, ಬೇರೆ ಜಾಗವಿಲ್ಲ. ನೀನು ಇಲ್ಲಿದ್ದಷ್ಟು ದಿನ ಆ ಬ್ರಷ್ಷು ಕಂಡರೆ ಕುಸಿದು ಕೂರುತ್ತಿದ್ದೆ. ಎದ್ದು ಬಂದರೆ ಶೂ ಕಾಣುತ್ತಿತ್ತು, ಮತ್ತೆ ಕೂರುತ್ತಿದ್ದೆ. ನಾನು ಅದೇ ಲೋಟದಿಂದ ನನ್ನ ಬ್ರಷ್ಷು ತೆಗೆದುಕೊಂಡು ಹಲ್ಲುಜ್ಜಿ, ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಈಗಲೂ ಹಾಗೇ.

ಮಗುವಿಗೆ ಜ್ವರ ಬಂತು, ಎದೆಗೆ ಇಳಿಯಿತು, ಆಸ್ಪತ್ರೆಗೆ ಹೋದೆವು, ಒಂದು ವಾರದಲ್ಲಿ ಎಲ್ಲ ಮುಗಿಯಿತು. ಯಾರ ತಪ್ಪೂ ಇಲ್ಲ ಅಂತ ಡಾಕ್ಟರು ಹೇಳಿದರು, ನಾವೂ ಅದನ್ನೇ ನಂಬಿದ್ದೇವೆ. ಆ ದಿನ ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ. ನಾನು ಅವಳ ಸ್ವೆಟರ್ ಮಡಚಿ ಚೀಲಕ್ಕೆ ಹಾಕಿದೆ. ಮನೆಗೆ ಬಂದು ತೊಟ್ಟಿಯಲ್ಲಿದ್ದ ಪಾತ್ರೆ ತೊಳೆದೆ. ಆಫೀಸಿನಿಂದ ಯಾರೋ ಏನೋ ಕೇಳಿದ್ದರು, ಅದಕ್ಕೆ ಉತ್ತರ ಕಳಿಸಿದೆ. ನೀನು ಬಾಗಿಲಲ್ಲಿ ನಿಂತು ನೋಡಿ, "ಹೆತ್ತವಳಾ ನೀನು?" ಅಂದೆ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಹೆತ್ತವಳು ನಾನೇ ಅಲ್ಲವಾ ಅಂತ ನಿಜವಾಗಿಯೂ ನಿಂತು ಯೋಚನೆ ಮಾಡಿದೆ.

ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ತುಟಿ ಇದೆ ಅಂತ ಗೊತ್ತಿರುತ್ತದೆ, ಆದರೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಹಾಗಿದ್ದೇನೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ಅಳು ಬಂದರೆ ಬೇಡ ಅಂದವಳಲ್ಲ ನಾನು. ಅದು ಬರಲಿಲ್ಲ, ಅಷ್ಟೇ.

ಇನ್ನು ಆಫೀಸು. ನನ್ನ ಕೆಲಸ ಏನು ಅಂತ ಅಕ್ಕ ಕೇಳಿದಾಗಲೆಲ್ಲ ನೀನು "ಕಂಪ್ಯೂಟರಿಗೆ ಲೆಕ್ಕ ಹೇಳ್ಕೊಡ್ತಾಳೆ" ಅಂತ ಹೇಳಿ ಕೈತೊಳೆದುಕೊಳ್ಳುತ್ತೀಯ. ಈ ಸಲ ಸರಿಯಾಗಿ ಕೇಳಿಸಿಕೋ, ಯಾಕೆಂದರೆ ಮುಂದೆ ಹೇಳುವುದಕ್ಕೆ ಇದು ಬೇಕು. ನಾವು ಮಾಡುವುದು ಅಂಕಿಗಳ ಲೆಕ್ಕವಲ್ಲ, ಅಕ್ಷರಗಳ ಲೆಕ್ಕ. ಶಾಲೆಯಲ್ಲಿ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂತ ಬಾಯಿಪಾಠ ಮಾಡುತ್ತಿದ್ದೆವಲ್ಲ, ಅಂಥದ್ದು. ಪುಸ್ತಕದಲ್ಲಿ ಅದಕ್ಕೆ ಬೀಜೋಕ್ತಿ ಅನ್ನುತ್ತಾರೆ. ನಮ್ಮ ಸಾಫ್ಟ್‌ವೇರಿಗೆ ಒಂದು ಬೀಜೋಕ್ತಿ ಕೊಟ್ಟರೆ ಅದನ್ನು ಹಲವು ಥರ ತಿರುಗಿಸಿ ಬರೆದು ನೋಡುತ್ತದೆ. ಎಲ್ಲದರ ಬೆಲೆಯೂ ಒಂದೇ, ರೂಪ ಮಾತ್ರ ಬೇರೆ. ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದನ್ನು ಆರಿಸಿ, ಇಗೋ ಇದೇ ಸರಳ ರೂಪ ಅಂತ ಮುಂದಿಡುತ್ತದೆ. ಆದರೆ ಯಾವುದು ಚಿಕ್ಕದು ಅಂತ ಅದಕ್ಕೆ ಯಾರು ಹೇಳಬೇಕು? ನಾನು. ಬೀಜೋಕ್ತಿಯ ಗಾತ್ರ ಅಳೆಯುವ ಭಾಗ ನನ್ನದು.

ಹೇಗೆ ಅಳೆಯುತ್ತೇನೆ ಅಂತ ನಿನಗೆ ಗೊತ್ತು. ಆ ಭಾನುವಾರ ನೀನೂ ಇದ್ದೆಯಲ್ಲ, ಕಿಟಕಿಯ ಹತ್ತಿರ ಯಾರದ್ದೋ ಮದುವೆಯ ಫೋಟೋಗೆ ಮೊಳೆ ಹೊಡೆಯುತ್ತಾ. ಚೋಟು ನಿನ್ನ ಚೌಕಟ್ಟಿನ ಮರದ ತುಂಡುಗಳನ್ನು ನೆಲದ ತುಂಬ ಹರಡಿಕೊಂಡಿದ್ದಳು. ಅಮ್ಮ ಆಫೀಸಲ್ಲಿ ಏನು ಮಾಡ್ತಾಳೆ ತೋರಿಸು ಅಂತ ಹಟ ಹಿಡಿದಿದ್ದಳು. ನಾನು ಮೇಲೆ ಒಂದು ತುಂಡು ಇಟ್ಟು ಗುಣಾಕಾರದ ಗುರುತು ಬರೆದೆ. ಅದರಿಂದ ಎರಡು ದಾರ ಇಳಿಬಿಟ್ಟು ಎರಡು ಕೂಡಿಸುವ ಗುರುತಿನ ತುಂಡು ಕಟ್ಟಿದೆ. ಒಂದೊಂದರಿಂದ ಮತ್ತೆ ಎರಡೆರಡು ದಾರ, ತುದಿಯಲ್ಲಿ ಎ ಮತ್ತು ಬಿ. "ಇದು ಮರ" ಅಂದೆ.

"ಮರ ಅಂತೀಯ, ಬೇರು ಮೇಲಿದೆಯಲ್ಲಮ್ಮ!"

"ನಮ್ಮ ಆಫೀಸಿನ ಮರ ಹಂಗೇ. ತುದೀಲಿ ಇರೋದೆಲ್ಲ ಎಲೆ. ಎಲೆ ಎಣಿಸು."

"ನಾಲ್ಕು."

"ಅದೇ ಇದರ ಗಾತ್ರ."

ಇನ್ನೂ ದೊಡ್ಡ ಮರ ಮಾಡೋಣ ಅಂದಳು. ತುಂಡು ಸಾಲಲಿಲ್ಲ. ನಿನ್ನನ್ನು ಕೇಳಿದರೆ, ಬಾಯಲ್ಲಿ ಮೊಳೆ ಇಟ್ಟುಕೊಂಡು ಮೂಗಿನಲ್ಲೇ ಗೊಣಗಿದೆ. ಆಗ ನಾನು ಎ ಪ್ಲಸ್ ಬಿ ಎರಡು ಕಡೆ ಯಾಕೆ, ಎರಡೂ ಒಂದೇ ಅಲ್ಲವಾ ಅಂತ ಹೇಳಿ ಒಂದನ್ನು ಬಿಚ್ಚಿದೆ. ಮೇಲಿನ ತುಂಡಿನ ಎರಡೂ ದಾರಗಳನ್ನು ಉಳಿದ ಒಂದಕ್ಕೇ ಕಟ್ಟಿದೆ. ಕಂಪ್ಯೂಟರಿನ ಒಳಗೂ ಹೀಗೇ ಚೋಟು, ಒಂದೇ ಥರದ್ದು ಎರಡು ಕಡೆ ಬಂದರೆ ಒಂದನ್ನು ಮಾತ್ರ ಇಟ್ಟುಕೊಂಡು ಎರಡು ಕಡೆಯಿಂದ ಅದಕ್ಕೇ ಬೆರಳು ತೋರಿಸುತ್ತೆ, ಜಾಗ ಉಳಿಯುತ್ತೆ ಅಂದೆ.

ಅವಳು ಮೊಣಕಾಲ ಮೇಲೆ ಕೂತು ಆ ತುಂಡನ್ನೇ ನೋಡಿದಳು. "ಈಗ ಇದನ್ನ ಒಂದು ಸಲ ಎಣಿಸ್ಬೇಕಾ, ಎರಡು ಸಲಾನಾ?"

"ಇರೋದೇ ಒಂದು ತುಂಡು. ಒಂದು ಸಲ ಸಾಕು."

"ದಾರ ಎರಡಿದೆಯಲ್ಲ."

"ದಾರ ಎಣಿಸಲ್ಲ, ಎಲೆ ಎಣಿಸ್ತೀವಿ."

"ಹಂಗಾದ್ರೆ ಅಪ್ಪಂಗೆ ಎಷ್ಟು ಹೆಣ್ಣುಮಕ್ಳು?"

"ಒಬ್ಬಳು."

"ಅಮ್ಮಂಗೆ?"

"ಒಬ್ಬಳು."

"ಒಂದಕ್ಕೆ ಒಂದು ಸೇರಿಸಿದ್ರೆ?"

ನಾನು ಬಾಯಿ ತೆಗೆಯುವ ಮೊದಲು ನೀನು ಮೊಳೆಗಳನ್ನು ಅಂಗೈಗೆ ಉಗುಳಿ "ಎರಡು!" ಅಂದುಬಿಟ್ಟೆ. ಸಿಕ್ಕಿಬಿದ್ದೆ. "ಹಂಗಾದ್ರೆ ಎರಡು ಐಸ್ ಕ್ರೀಮ್ ಕೊಡಿಸಿ" ಅಂತ ಕುಣಿದಳು. ಕೊಡಿಸಿದೆವು, ಇನ್ನೇನು ಮಾಡುವುದು. ಅಪ್ಪನ ಮಗಳದ್ದು ಮೊದಲು ತಿಂದಳು, ಅಮ್ಮನ ಮಗಳದ್ದು ಕರಗಿ ಫ್ರಾಕಿನ ಮೇಲೆ ಸುರಿಯಿತು.

ಅವತ್ತಿನಿಂದ ಮನೆಯಲ್ಲಿ ಇಬ್ಬರಾದರು. ಗೋಡೆ ಮೇಲೆ ಗೀಚಿದ್ದು ಯಾರೇ? ಅಪ್ಪನ ಮಗಳು. ಹೋಂವರ್ಕ್ ಮುಗಿಸಿದ್ದು? ಅಮ್ಮನ ಮಗಳು. ಹಾಲು ಚೆಲ್ಲಿದ್ದು? ಅಪ್ಪನ ಮಗಳೇ, ಇನ್ಯಾರು! "ನೋಡು ನಿನ್ನ ಮಗಳು ಏನು ಮಾಡಿದಾಳೆ" ಅಂತ ಎಲ್ಲ ಮನೆಯಲ್ಲೂ ಗಂಡಹೆಂಡಿರು ಅನ್ನುವ ಮಾತು. ನಮ್ಮ ಮನೆಯಲ್ಲಿ ಮಾತ್ರ ಆ ಮಗಳು ಮಧ್ಯೆ ಬಾಯಿ ಹಾಕಿ, "ನಾನಲ್ಲ, ಅವಳು" ಅನ್ನುತ್ತಿದ್ದಳು. ನೀನು ನಗುತ್ತಿದ್ದೆ. ನಾನು ನಗದಿದ್ದರೂ ಬೈಯುವುದನ್ನು ಮರೆಯುತ್ತಿದ್ದೆ.

ಇಷ್ಟು ಬರೆದು ಎದ್ದು ಹೋಗಿ ಬಕೆಟ್ ಖಾಲಿ ಮಾಡಿ ಬಂದೆ. ಮುಂದೆ ಓದು.

ಅವಳು ಹೋದ ಮೇಲೆ ನಾನು ಆಫೀಸಿಗೆ ಬೇಗ ಹೋದೆ ಅಂತ ನೀನು ಎಲ್ಲರ ಹತ್ತಿರ ಹೇಳಿಕೊಂಡೆ. ಹೌದು, ಬೇಗ ಹೋದೆ. ಅಲ್ಲಿ ಕೆಲಸ ಕಾದಿತ್ತು. ಮೇಷ್ಟ್ರು, ಅಂದರೆ ನಮ್ಮ ಕಂಪನಿ ಕಟ್ಟಿದ ಮುದುಕರು, ಒಂದು ಕಾಲದಲ್ಲಿ ಕಾಲೇಜಿನಲ್ಲಿ ಪಾಠ ಮಾಡಿದವರು, ಗಾತ್ರ ಅಳೆಯುವ ಭಾಗ ತುಂಬ ನಿಧಾನವಾಗಿದೆ, ಹೊಸದಾಗಿ ಬರಿಯಮ್ಮ ಅಂತ ಮೊದಲೇ ಹೇಳಿದ್ದರು. ನಾನು ಬರೆದೆ. ಒಂದೇ ತುಂಡು ಎರಡು ಕಡೆ ಬಂದರೆ ಒಂದು ಸಲ ಎಣಿಸು, ಗುರುತು ಹಾಕು, ಮತ್ತೆ ಸಿಕ್ಕಿದರೆ ಮುಟ್ಟದೆ ಮುಂದೆ ಹೋಗು. ಬರೆಯುವಾಗ ನನಗೆ ಆ ಭಾನುವಾರ ನೆನಪಾಗಲಿಲ್ಲ. ಏನೂ ನೆನಪಾಗಲಿಲ್ಲ. ಕೈ ತಾನೇ ಬರೆಯಿತು. ಓಡಿಸಿ ನೋಡಿದರೆ ಬಹಳ ಚುರುಕಾಗಿತ್ತು. ನನ್ನ ಪಕ್ಕದ ಮೇಜಿನವನು, ನಿನಗೆ ಗೊತ್ತಲ್ಲ, ನಾವೆಲ್ಲ ಗಡಿಬಿಡಿ ಅಂತ ಕರೆಯುತ್ತೇವೆ, ಅವನು ಕುರ್ಚಿಯ ಮೇಲೆ ಕೂತಲ್ಲೇ ಒಂದು ಸುತ್ತು ತಿರುಗಿ ಚಪ್ಪಾಳೆ ಹೊಡೆದ. ಹೊಸ ಆವೃತ್ತಿ ಗ್ರಾಹಕರಿಗೆ ಹೋಯಿತು.

ಹೋದ ವಾರ ಒಂದು ಕಾರ್ಖಾನೆಯಿಂದ ಫೋನು ಬಂತು. ಅಲ್ಲಿ ಕಾರಿಗೆ ಬಣ್ಣ ಹೊಡೆಯುವ ಯಂತ್ರದ ತೋಳುಗಳಿವೆ. ಭುಜ ಎಷ್ಟು ತಿರುಗಿ, ಮೊಣಕೈ ಎಷ್ಟು ಮಡಚಿ, ಮಣಿಕಟ್ಟು ಎಷ್ಟು ಹೊರಳಿದರೆ ಬಣ್ಣದ ಪಿಚಕಾರಿ ಎಲ್ಲಿಗೆ ಬರುತ್ತದೆ ಅನ್ನುವ ಲೆಕ್ಕಕ್ಕೆ ಅವರು ನಮ್ಮ ಸಾಫ್ಟ್‌ವೇರ್ ತೆಗೆದುಕೊಂಡಿದ್ದಾರೆ. ಮಾತಾಡಿದವಳು ಅಲ್ಲಿನ ಇಂಜಿನಿಯರ್. ಗಡಿಬಿಡಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ನಿಮ್ಮ ಸಾಫ್ಟ್‌ವೇರ್ ಸರಳ ರೂಪ ಅಂತ ಒಂದು ಕೊಟ್ಟಿದೆ. ಓದೋಣ ಅಂತ ಪ್ರಿಂಟ್ ಹಾಕಿದೆ. ಬೆಳಿಗ್ಗೆಯಿಂದ ಪ್ರಿಂಟರ್ ನಿಂತಿಲ್ಲ. ಸರಳ ಇಷ್ಟುದ್ದ ಆದ್ರೆ ನಿಮ್ಮಲ್ಲಿ ಕಷ್ಟ ಎಷ್ಟುದ್ದ ಇರುತ್ತೆ ಸ್ವಾಮಿ?"

ಗಡಿಬಿಡಿ ನಮ್ಮಲ್ಲೂ ಅದನ್ನೇ ಪ್ರಿಂಟ್ ಹಾಕಿದ. ಒಂದು ಕಟ್ಟು ಕಾಗದ ಮುಗಿಯಿತು, ಇನ್ನೊಂದು ಹಾಕಿದ, ಅದೂ ಮುಗಿಯಿತು. ಬಂದಷ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಹಾಕಿ, "ತಗೊಳ್ಳಿ ಮೇಡಂ, ನಿಮ್ಮ ಚಿಕ್ಕದು" ಅಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ನನ್ನ ಜೊತೆ ತಮಾಷೆ ಮಾಡಬಾರದು ಅಂತ ಆಫೀಸಿನಲ್ಲಿ ಎಲ್ಲರೂ ಮಾತಾಡಿಕೊಂಡಿದ್ದಾರೆ. ನನಗೆ ಅದರಿಂದ ಏನೂ ಅನ್ನಿಸಲಿಲ್ಲ.

ಆದದ್ದು ಇಷ್ಟು. ಎ ಪ್ಲಸ್ ಬಿ ಅನ್ನುವ ಒಂದು ತುಂಡನ್ನು ಎರಡು ಕಡೆ ಬಳಸು. ಹಾಗೆ ಬಂದದ್ದನ್ನು ಮತ್ತೆ ಎರಡು ಕಡೆ ಬಳಸು. ಹೀಗೇ ಇಪ್ಪತ್ತು ಸಲ ಮಾಡು. ಕಂಪ್ಯೂಟರಿನ ಒಳಗೆ ಇಪ್ಪತ್ತು ಚಿಲ್ಲರೆ ತುಂಡುಗಳು, ಅಷ್ಟೇ. ಅದನ್ನೇ ಕಾಗದದ ಮೇಲೆ ಬಿಡಿಸಿ ಬರೆದರೆ ಎಲೆಗಳು ಇಪ್ಪತ್ತು ಲಕ್ಷ ದಾಟುತ್ತವೆ. ನನ್ನ ಅಳತೆ ಒಳಗಿನದ್ದನ್ನು ನೋಡಿ ಚಿಕ್ಕದು ಅಂತ ಹೇಳಿತು. ಸಾಫ್ಟ್‌ವೇರ್ ಅದನ್ನು ನಂಬಿ, ಇರುವುದರಲ್ಲೆಲ್ಲ ಭಯಂಕರವಾದದ್ದನ್ನು ಆರಿಸಿ, ಸರಳ ಅಂತ ಆ ಹೆಣ್ಣುಮಗಳ ಕೈಗೆ ಕೊಟ್ಟಿತು.

ಮೇಷ್ಟ್ರು ಕೋಲೂರಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ಬೈಯಲಿಲ್ಲ. ಮೇಲಿನ ಹಾಳೆ ತೆಗೆದು ಕಣ್ಣಿನ ಹತ್ತಿರ ಹಿಡಿದುಕೊಂಡರು.

"ಏನಮ್ಮಾ, ಇದು ಚಿಕ್ಕದು ಅಂತ ಹೇಳಿದ್ದು ಯಾರು?"

"ನನ್ನ ಅಳತೆ, ಮೇಷ್ಟ್ರೇ."

"ಅಳತೆ ತಪ್ಪಾ?"

"ತಪ್ಪಿಲ್ಲ. ಒಳಗೆ ಅದು ಚಿಕ್ಕದೇ."

"ಒಳಗೆ ಯಾರಿದಾರೆ?"

ಉತ್ತರವನ್ನೂ ಅವರೇ ಹೇಳಿದರು.

"ಒಳಗೆ ಯಾರೂ ಇಲ್ಲ. ಹೊರಗೆ ಆ ಹುಡುಗಿ ಇದಾಳೆ. ಅವಳು ಇದನ್ನ ಮೊದಲನೇ ಪುಟದಲ್ಲಿ ಓದ್ತಾಳೆ. ಹತ್ತನೇ ಪುಟದಲ್ಲಿ ಮತ್ತೆ ಅದೇ ಎದುರಾಗುತ್ತೆ. ಓದಿ ಆಗಿದೆ ಅಂತ ಬಿಡೋಕಾಗುತ್ತಾ? ಎದುರಾದಾಗೆಲ್ಲ ಅಷ್ಟನ್ನೂ ಓದಿಯೇ ಮುಂದೆ ಹೋಗ್ಬೇಕು. ಅವಳ ಪಾಲಿಗೆ ಅದು ಒಂದಲ್ಲಮ್ಮ. ನೀನು ಯಾರಿಗೋಸ್ಕರ ಅಳೀತಿದೀಯ ಅನ್ನೋದನ್ನ ಮೊದಲು ತಿಳ್ಕೋ."

ಆಮೇಲೆ ನನ್ನ ಮುಖ ನೋಡಿ, "ಕಣ್ಣು ಯಾಕೆ ಹಂಗೆ ಕಿರಿದು ಮಾಡ್ತೀಯ? ಹೋಗಿ ಕಣ್ಣು ತೋರಿಸ್ಕೊಂಡು ಬಾ" ಅಂದರು. ಅಕ್ಷರ ಸ್ವಲ್ಪ ಮಂಜಾಗಿರುವುದು ನಿಜ. ನಾಳೆ ನಾಡಿದ್ದರಲ್ಲಿ ಆಫೀಸಿನ ಕೆಳಗಿನ ಕನ್ನಡಕದ ಅಂಗಡಿಗೆ ಹೋಗುತ್ತೇನೆ.

ಅಳತೆಯನ್ನು ಸರಿಮಾಡಿದ್ದಾಯಿತು. ಈಗ ಎರಡು ಅಳತೆಗಳಿವೆ. ಕಂಪ್ಯೂಟರಿಗೆ ಎಷ್ಟು ಜಾಗ ಬೇಕು ಅನ್ನುವುದಕ್ಕೆ ಒಂದು, ಓದುವವರಿಗೆ ಎಷ್ಟು ಭಾರ ಅನ್ನುವುದಕ್ಕೆ ಇನ್ನೊಂದು. ಎರಡನೆಯದರಲ್ಲಿ ಪ್ರತಿ ದಾರವನ್ನೂ ಹಿಡಿದುಕೊಂಡು ಹೋಗಿ ಪ್ರತಿ ಸಲವೂ ಎಣಿಸಬೇಕು. ಚೋಟು ಹೇಳಿದ್ದು ಅದನ್ನೇ.

ಮೇಷ್ಟ್ರು ಹಾಗೆ ಅಂದಾಗ ನನ್ನ ಕಣ್ಣಿಗೆ ಬಂದದ್ದು ಬಚ್ಚಲ ಲೋಟದಲ್ಲಿರುವ ಬ್ರಷ್ಷು. ನೀನು ಅದನ್ನು ಕಂಡಾಗೆಲ್ಲ ಅಷ್ಟನ್ನೂ ಮೊದಲಿನಿಂದ ಓದುತ್ತಿದ್ದೆ. ಶೂ ಕಂಡರೆ ಮತ್ತೆ ಮೊದಲಿನಿಂದ. ಆಗ ನನಗೆ ನಿನ್ನ ಮೇಲೆ ಸಿಟ್ಟಿತ್ತು, ಅದೂ ಒಂಥರಾ ದೂರದ ಸಿಟ್ಟು. ಒಂದೇ ವಿಷಯಕ್ಕೆ ಎಷ್ಟು ಸಲ ಅಳುತ್ತಾನೆ ಈ ಮನುಷ್ಯ ಅಂತ. ಈಗ ಆ ಸಿಟ್ಟಿಲ್ಲ. ಅದನ್ನು ನಿನಗೆ ತಿಳಿಸಬೇಕು ಅನ್ನಿಸಿತು.

ನನ್ನೊಳಗೆ ಎಷ್ಟಿದೆ ಅಂತ ಕೇಳಿದೆಯಲ್ಲ. ಒಂದಿದೆ. ಒಂದೇ ಕಡೆ ಇಟ್ಟಿದ್ದೇನೆ. ಬ್ರಷ್ಷು, ಶೂ, ಕುರ್ಚಿ ಎಲ್ಲ ಅದರ ಕಡೆಗೇ ಬೆರಳು ತೋರಿಸುತ್ತವೆ. ಗೊತ್ತು ಅಂತ ತಲೆಯಾಡಿಸಿ ನಾನು ಮುಂದೆ ಹೋಗುತ್ತೇನೆ. ತೆರೆದು ನೋಡಿಲ್ಲ. ತೆರೆಯದೆ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ, ತೆರೆಯಲು ಕೈ ಬರುತ್ತಿಲ್ಲ. ನಿನಗೆ ಇದು ಉತ್ತರ ಅನ್ನಿಸದಿದ್ದರೆ ನಾನೇನು ಮಾಡಲಿ?

ಅಂಗಡಿಯ ವಿಷಯ ನೀನೇ ತೀರ್ಮಾನ ಮಾಡು. ಬಾ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಬರಬೇಡ ಅನ್ನುವುದಕ್ಕೂ ಇಲ್ಲ. ಅಲ್ಲಿ ನಿನ್ನನ್ನು ಕೂರಿಸಿಕೊಂಡು ಊಟ ಬಡಿಸುವವರಿದ್ದಾರೆ, ಅತ್ತರೆ ಬೆನ್ನು ಸವರುವವರಿದ್ದಾರೆ. ಇಲ್ಲಿ ನಾನಿದ್ದೇನೆ, ನಾನು ಹೇಗಿದ್ದೇನೆ ಅಂತ ಮೇಲೆ ಬರೆದಿದ್ದೇನೆ. ಅಂಗಡಿಯ ಕೀಲಿಯ ಗೊಂಚಲು ಬಾಗಿಲ ಪಕ್ಕದ ಮೊಳೆಯಲ್ಲೇ ಇದೆ. ಬೇಕು ಅಂದರೆ ಮಾಲೀಕರಿಗೆ ನಾನೇ ತಲುಪಿಸುತ್ತೇನೆ. ನೀನು ಬಿಟ್ಟುಹೋದ ಫೋಟೋ, ಅದೇ ಅವಳದ್ದು, ಇನ್ನೂ ಅಂಗಡಿಯ ಮೇಜಿನ ಮೇಲೆ ಚೌಕಟ್ಟಿಲ್ಲದೆ ಇದೆ. ಊರಿನವರ ಮುಖಕ್ಕೆಲ್ಲ ಚೌಕಟ್ಟು ಹಾಕಿದವನು ಅದೊಂದಕ್ಕೆ ಯಾಕೆ ಹಾಕಲಿಲ್ಲ ಅಂತ ನಾನು ಕೇಳುವುದಿಲ್ಲ. ಧೂಳು ಕೂರದಿರಲಿ ಅಂತ ಮೇಲೊಂದು ಗಾಜು ಇಟ್ಟು ಬಂದಿದ್ದೇನೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಕ್ಕಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ, ಚೆನ್ನಾಗಿ ತಿನ್ನಲಿ, ಬಿಸಿಲಿನಲ್ಲಿ ಆಡಿ ಬಂದು ತಣ್ಣೀರು ಕುಡಿಯದಿರಲಿ. ನಿನ್ನ ಮೊಣಕಾಲು ನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತಿ,
ನಿನ್ನ ಮನೆಯವಳು

ಲಕೋಟೆ ಅಂಟಿಸುವ ಮುಂಚೆ, ಗುರುವಾರ:

ಇವತ್ತು ಕನ್ನಡಕದ ಅಂಗಡಿಗೆ ಹೋಗಿದ್ದೆ. ಕಣ್ಣು ನೋಡುವವಳು ನನ್ನ ವಯಸ್ಸಿನವಳೇ, ಬಾಯಿಗೆ ಬಿಡುವಿಲ್ಲ. ಗದ್ದ ಊರಿಸಿ ಕೂರಿಸಿ, ಒಂದೊಂದೇ ಗಾಜು ಬದಲಾಯಿಸುತ್ತಾ, ಇದು ಚೆನ್ನಾಗಿ ಕಾಣುತ್ತಾ, ಇದಾ, ಅಂತ ಕೇಳುತ್ತಾ, ಮಧ್ಯೆ "ಮಕ್ಕಳೆಷ್ಟು?" ಅಂದಳು.

ಇಲ್ಲ ಅನ್ನಬೇಕಾ, ಒಬ್ಬಳಿದ್ದಳು ಅನ್ನಬೇಕಾ ಅಂತ ಗೊತ್ತಾಗಲಿಲ್ಲ. ನನ್ನ ಬಾಯಿ "ಇಬ್ಬರು" ಅಂದುಬಿಟ್ಟಿತು.

"ಗಂಡಾ, ಹೆಣ್ಣಾ?"

"ಇಬ್ಬರೂ ಹೆಣ್ಣು."

"ಯಾವ ಕ್ಲಾಸು?"

"ಮೂರನೇ ಕ್ಲಾಸು."

"ಇಬ್ಬರೂನಾ? ಅಯ್ಯೋ, ಅವಳಿ ಮಕ್ಕಳಾ! ಒಂದೇ ಥರ ಇದಾರಾ?"

"ಹೂಂ. ಒಂದೇ ಥರ."

"ಮತ್ತೆ ಗುರುತು ಹೆಂಗೆ ಹಿಡೀತೀರಿ?"

"ತಂಟೆ ಮಾಡೋಳು ಅವರಪ್ಪನ ಮಗಳು" ಅಂದೆ.

ಅವಳು ಜೋರಾಗಿ ನಕ್ಕಳು. "ಸರಿ, ಈಗ ಕೆಳಗಿನ ಸಾಲು ಓದಿ" ಅಂದಳು. ಕೆಳಗಿನ ಸಾಲು ಕಾಣಲಿಲ್ಲ. ಮೇಲಿನದ್ದನ್ನು ಓದಿ ಅಂದಳು, ಅದೂ ಕಾಣಲಿಲ್ಲ. ಇಡೀ ಹಲಗೆಯೇ ನೀರಿನಲ್ಲಿ ಮುಳುಗಿತ್ತು. ಗಾಜಿನ ಒಳಗಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದ ಊರುವ ಪಟ್ಟಿಗೆ ಇಳಿಯತೊಡಗಿತು. ನನಗೆ ಏನಾಗುತ್ತಿದೆ ಅಂತಲೇ ಮೊದಲು ತಿಳಿಯಲಿಲ್ಲ. ಆಮೇಲೆ ಸದ್ದೂ ಬಂತು. ಎಂಥ ಸದ್ದು ಅಂತೀಯ, ಹೊರಗೆ ಕನ್ನಡಕದ ಚೌಕಟ್ಟು ನೋಡುತ್ತಿದ್ದವರೆಲ್ಲ ಒಳಗೆ ಇಣುಕಿದರು. ಆಯಮ್ಮ ನನ್ನ ತಲೆಯನ್ನು ಆ ಯಂತ್ರದಿಂದ ಬಿಡಿಸಿ ತನ್ನ ಹೊಟ್ಟೆಗೆ ಒತ್ತಿಕೊಂಡು, "ಪರವಾಗಿಲ್ಲ, ಕಣ್ಣು ಇನ್ನೊಂದು ದಿನ ನೋಡೋಣ" ಅಂದಳು.

ಅಲ್ಲಿ ಕೂತಿದ್ದಾಗ ನನಗೆ ಗೊತ್ತಾಯಿತು. ಆ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು "ನನ್ನ ಮಗಳು ಹೋದ್ಲು, ನನ್ನ ಮಗಳು ಹೋದ್ಲು" ಅಂತ ಕೂಗಿದೆ. ಎಲ್ಲರೂ ಬಂದು ನಿನ್ನನ್ನು ಹಿಡಿದುಕೊಂಡರು. ನಾನು ಆಚೆ ಗೋಡೆಯ ಹತ್ತಿರ ಸ್ವೆಟರ್ ಹಿಡಿದುಕೊಂಡು ನಿಂತಿದ್ದೆ. ಅಯ್ಯೋ ಪಾಪ, ಇವನ ಮಗಳು ಹೋದಳು ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ನನ್ನವಳು ಮನೆಯಲ್ಲಿ ಹೋಂವರ್ಕ್ ಮಾಡುತ್ತಾ ಕೂತಿದ್ದಾಳೆ ಅನ್ನುವ ಹಾಗೆ ಮನೆಗೆ ಬಂದು ಪಾತ್ರೆ ತೊಳೆದೆ. ಅವಳೂ ಹೋದಳು ಅಂತ ನನಗೆ ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ.

ಕೀಲಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಆ ಅಂಗಡಿ ಬೇಡ ಅಂತ ಅಕ್ಕನಿಗೆ ಹೇಳಿ ಹೊರಟು ಬಾ. ನನ್ನ ಮಗಳೂ ಹೋದಳು ಅಂತ ನೀನೇ ಬಂದು ನನಗೆ ಹೇಳಬೇಕು.